ನೆಲದ ಸಮಕ್ಕೆ ಹೂತ ಹೊಸ್ತಿಲು

ಮೊನ್ನೆ ಸಿವಿಲ್ ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಮೇಡಂ, ಅಷ್ಟು ವರ್ಷ ಸೈಟ್ ಮೇಲೆ ನಿಂತು ಮನೆ ಕಟ್ಟಿಸಿದ್ದೀರಿ, ನಮಗೂ ಏನಾದ್ರೂ ಹೇಳಿ" ಎಂದರು. ಏನಾದರೂ ಎಂದರೆ ಏನು ಹೇಳಲಿ? ಎಷ್ಟು ಸಿಮೆಂಟಿಗೆ ಎಷ್ಟು ಮರಳು ಅನ್ನುವುದು ಪುಸ್ತಕದಲ್ಲೇ ಇದೆ. ನಾನು ಹೇಳಬಹುದಾದದ್ದು ನಾನು ಮಾಡಿದ ತಪ್ಪುಗಳನ್ನು, ಮತ್ತೆ ಭದ್ರಾವತಿಯ ರುದ್ರೇಶನ ಮನೆಯನ್ನು. ಆ ಮನೆಯ ಮಾತು ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಆ ಹುಡುಗಿಯರಿಗೆ ಹೇಳುತ್ತಾ ಹೇಳುತ್ತಾ ಎದ್ದು ನಿಂತು, ಹಾಲ್ ತುಂಬ ಓಡಾಡಿ, ಕಾಫಿ ಲೋಟ ಉರುಳಿಸಿಬಿಟ್ಟೆ. ಅದಕ್ಕೇ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲು ನನ್ನ ಸಾಹೇಬರ ವಿಷಯ ಹೇಳಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಕೆಲಸಕ್ಕೆ ಸೇರಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮಹಡಿ ಮೇಲಿನ ಒಂದು ಚಿಕ್ಕ ಆಫೀಸಿಗೆ. ಅದರ ಯಜಮಾನರು ತಿಪ್ಪೇಸ್ವಾಮಿ ಸಾರ್. ಸರ್ಕಾರಿ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ, ಬಾಯಿ ತೆರೆದರೆ ಬೈಗುಳ. ಆಗೆಲ್ಲ ಕಂಪ್ಯೂಟರ್ ಎಲ್ಲಿತ್ತು? ಟ್ರೇಸಿಂಗ್ ಪೇಪರ್ ಮೇಲೆ ಇಂಕಿನಲ್ಲಿ ಗೆರೆ ಎಳೆಯಬೇಕು, ತಪ್ಪಿದರೆ ಬ್ಲೇಡಿನಲ್ಲಿ ನಯವಾಗಿ ಕೆರೆಯಬೇಕು. ಆಮೇಲೆ ನಕ್ಷೆಯ ಪ್ರತಿಗಳಿಗೆ ಅಮೋನಿಯಾ ಪ್ರಿಂಟ್ ತೆಗೆಸಬೇಕು. ಆ ವಾಸನೆಗೆ ಕಣ್ಣಲ್ಲಿ ಧಾರಾಕಾರ ನೀರು. ನನ್ನ ಕಣ್ಣು ಕೆಂಪಾಗಿದ್ದರೆ ಸಾಹೇಬರು ಬೈದಿದ್ದಕ್ಕೋ ಪ್ರಿಂಟಿಗೋ ಎಂದು ಪಕ್ಕದ ಟೈಪಿಂಗ್ ಕ್ಲಾಸಿನವರು ತಮಾಷೆ ಮಾಡುತ್ತಿದ್ದರು.

ನಾನು ಒಬ್ಬಳೇ ಬರೆದ ಮೊದಲ ಮನೆ ಒಬ್ಬ ಲೆಕ್ಚರರ್‌ದು. ಆರಡಿ ದಾಟಿದ ಆಳು. ಮೆಟ್ಟಿಲು ಕಟ್ಟಿ ಮುಗಿದ ದಿನ ಅವರು ಸಂಭ್ರಮದಿಂದ ಮೇಲೆ ಹತ್ತಿದರು. ಏಳನೇ ಮೆಟ್ಟಿಲಿಗೆ ಧಡ್ ಅಂತ ತಲೆ ತೊಲೆಗೆ ಬಡಿಯಿತು. ಮಾರನೇ ದಿನ ಸಾಹೇಬರು ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗಿ "ಹತ್ತು" ಎಂದರು. ಹತ್ತಿದೆ. ನಾನು ಐದಡಿಗೂ ಒಂದಿಂಚು ಕಡಿಮೆ, ನನ್ನ ತಲೆಗೆ ಏನೂ ತಾಗಲಿಲ್ಲ.

"ನೋಡಿದ್ಯಾ? ನೀನು ನಿನ್ನ ತಲೆಗೆ ಮನೆ ಬರ್ದಿದೀಯ. ಇರೋರು ಅವ್ರು! ಇನ್ಮೇಲೆ ಕಾಗದ ಮುಟ್ಟೋಕೆ ಮುಂಚೆ ಸುಣ್ಣ ಹಾಕು."

ಸುಣ್ಣ ಹಾಕುವುದು ಅಂದರೆ ಅವರದೇ ಪದ್ಧತಿ. ಪಾಯ ತೋಡುವಾಗ ನೆಲದ ಮೇಲೆ ಸುಣ್ಣದ ಪುಡಿಯಿಂದ ಗುರುತು ಹಾಕುವುದು ಎಲ್ಲರೂ ಮಾಡುತ್ತಾರೆ. ಇವರು ಅದಕ್ಕೂ ಮುಂಚೆ, ನಕ್ಷೆ ಬರೆಯುವ ಹಂತದಲ್ಲೇ, ಒಂದು ಬಯಲಿನಲ್ಲಿ ಪೂರ್ತಿ ಮನೆಯನ್ನು ಅದರ ನಿಜವಾದ ಅಳತೆಗೆ ಸುಣ್ಣದಲ್ಲಿ ಬರೆಸುತ್ತಿದ್ದರು. ಮನೆಯವರನ್ನೆಲ್ಲ ಕರೆದು "ಓಡಾಡ್ರಿ, ಅಡುಗೆ ಮಾಡ್ರಿ, ಜಗಳ ಆಡ್ರಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ಆದರೆ ಬಾಗಿಲು ಎಲ್ಲಿ ಅಡ್ಡ ಬರುತ್ತದೆ, ಮಂಚ ಎಲ್ಲಿ ಹಿಡಿಯುವುದಿಲ್ಲ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಲೆಕ್ಚರರ್ ಮನೆಯ ಮೆಟ್ಟಿಲನ್ನು ಒಡೆದು ಮತ್ತೆ ಕಟ್ಟಿಸಿದ್ದೆವು ಎಂದು ಬೇರೆ ಹೇಳಬೇಕಿಲ್ಲ.

ಇಷ್ಟು ಪಾಠ ಕಲಿತಿದ್ದೂ ರುದ್ರೇಶನ ಮನೆಯಲ್ಲಿ ಮತ್ತದೇ ತಪ್ಪು ಮಾಡಿದೆನಲ್ಲ, ಅದನ್ನು ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಮುಂಗಾರಿಗೆ ಇನ್ನೂ ಸುಮಾರು ದಿನ ಇದ್ದಾಗ ಒಂದು ಮಧ್ಯಾಹ್ನ ಭದ್ರಾವತಿಯಲ್ಲಿ ಭಾರಿ ಗಾಳಿ ಎದ್ದಿತು, ಜೊತೆಗೆ ಆಲಿಕಲ್ಲು. "ಹಳೇ ಪೇಟೆ ಕಡೆ ಒಂದು ಮನೆ ಮುರಿದಿದೆಯಂತೆ, ಗೋಡೆ ಉಳಿಯುತ್ತಾ ನೋಡ್ಕೊಂಡ್ ಬಾ" ಎಂದು ಸಾಹೇಬರು ಕಳಿಸಿದರು. ಬಸ್ಸಿಳಿದು ಹೋದೆ. ಹೆಂಚಿನ ಮನೆ. ಮುಂದಿನ ಅರ್ಧಕ್ಕೆ ಮಾವಿನ ಮರದ ದೊಡ್ಡ ಕೊಂಬೆ ಬಿದ್ದು ಮಾಡೆಲ್ಲ ಕುಸಿದು ಕೂತಿತ್ತು, ಮುಂಬಾಗಿಲಿನ ಗೋಡೆ ಬಿರುಕು ಬಿಟ್ಟಿತ್ತು. ಹಿಂದಿನ ಭಾಗ, ಕಲ್ಲಿನ ಪಾಯ ಗಟ್ಟಿಯಾಗಿದ್ದವು.

ಮನೆಯವರು ಎದುರುಮನೆ ಜಗಲಿಯಲ್ಲಿದ್ದರು. ವೀಲ್‌ಚೇರಿನ ಮೇಲೆ ಕೂತಿದ್ದವನು ರುದ್ರೇಶ, ನಲವತ್ತರ ಆಸುಪಾಸು. ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಟರ್ನರ್ ಆಗಿದ್ದವನು. ಆರು ವರ್ಷದ ಹಿಂದೆ ಹಿತ್ತಲಿನ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಹೆಂಡತಿ ನಾಗವೇಣಿ ಅಂಗನವಾಡಿ ಟೀಚರ್. ಗಾಳಿ ಬಂದಾಗ ಅವಳು ಕೆಲಸದಲ್ಲಿದ್ದಳು. ಮನೆಯಲ್ಲಿದ್ದವರು ರುದ್ರೇಶ ಮತ್ತು ಎಪ್ಪತ್ತು ದಾಟಿದ ಅವನ ತಾಯಿ ಗೌರಮ್ಮ, ಇಬ್ಬರೇ.

"ಏನಾಯ್ತು?" ಎಂದು ಕೇಳಿದೆ. ರುದ್ರೇಶ ನಗುತ್ತಲೇ ಹೇಳಿದ.

"ವೀಲ್‌ಚೇರು ಜಗಲಿ ಮೇಲಿತ್ತು ಮೇಡಂ, ನಾನು ನಡುಮನೆ ಮಂಚದ ಮೇಲೆ. ಹೆಂಚು ಹಾರೋಕೆ ಶುರುವಾಯ್ತು. ಅವ್ವ ನನ್ನ ಜಮಖಾನೆ ಮೇಲೆ ಉರುಳಿಸ್ಕೊಂಡು ಎಳ್ಕೊಂಡ್ ಬಂದ್ಲು. ಈ ವಯಸ್ಸಲ್ಲಿ ಅದೆಲ್ಲಿತ್ತೋ ಶಕ್ತಿ! ಹೊಸ್ತಿಲ ತನಕ ಬಂತು ನೋಡಿ, ಅಲ್ಲಿಗೆ ಮುಗೀತು. ಅರ್ಧ ಅಡಿ ಮರ. ಅದನ್ನ ದಾಟ್ಸೋಕೆ ಆಗ್ಲೇ ಇಲ್ಲ. ಕೂಗಿದ್ಲು, ಯಾರಿಗೂ ಕೇಳಿಸ್ಲಿಲ್ಲ. ಕೊನೆಗೆ ನನ್ನ ಮೇಲೇ ಮಲಗ್ಬಿಟ್ಲು. ಎದುರುಮನೆಯವ್ರು ನೋಡಿ ಓಡಿ ಬಂದು ಎತ್ತಿ, ಕುರ್ಚಿ ಸಮೇತ ಆಚೆ ಹಾಕಿದ್ರು. ಆಮೇಲೆ ಬಿತ್ತು ಕೊಂಬೆ."

ಗೌರಮ್ಮ ಗೋಡೆಗೆ ಒರಗಿ ಕೂತಿದ್ದರು. ಬೆನ್ನಿಗೆ ಹೆಂಚು ಬಡಿದು ಊದಿತ್ತು. ಮಗನ ಮಾತು ಕೇಳಿಸಿಯೂ ಕೇಳಿಸದ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನೀವು ಮನೆ ಹೆಂಗಾದ್ರೂ ಕಟ್ಟಿ ಮೇಡಂ" ಎಂದ ರುದ್ರೇಶ. "ದೊಡ್ಡದು ಬೇಡ, ಚಂದನೂ ಬೇಡ. ಮುಂದಿನ ಸಲ ಗಾಳಿ ಬಂದಾಗ ನಾನೇ ಆಚೆ ಬರ್ಬೇಕು. ಅವ್ವನ ಕೈಲಿ ಎಳಿಸ್ಕೊಂಡಲ್ಲ. ಇನ್ನೊಂದು, ನಾನು ಮರದಿಂದ ಬಿದ್ದ ದಿನದಿಂದ ಅವ್ವ ನನ್ನ ಒಂದ್ಸಲನೂ ಬೈದಿಲ್ಲ ಗೊತ್ತಾ? ಮುಂಚೆ ಲೇಟಾಗಿ ಬಂದ್ರೆ ಬೀದಿಗೆಲ್ಲ ಕೇಳೋ ಹಂಗೆ ಬೈತಿದ್ಲು. ಈಗ ನನ್ನ ಹತ್ರ ಮಾತಾಡಿದ್ರೆ ಆಸ್ಪತ್ರೆಲಿ ಮಾತಾಡ್ದಂಗೆ ಮಾತಾಡ್ತಾಳೆ. ಅದು ನಿಲ್ಬೇಕು."

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕರೂ ನಿಂತೇ ಬಂದೆ. ತಲೆ ತುಂಬ ನಕ್ಷೆ! ಬಾಗಿಲು ಅಗಲ, ಬಚ್ಚಲು ಮಲಗುವ ಕೋಣೆಗೆ ತಾಗಿ, ಎಲ್ಲೂ ಮೆಟ್ಟಿಲಿಲ್ಲ, ಹೊಸ್ತಿಲೇ ಇಲ್ಲ! ಡಿಪ್ಲೊಮಾದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಂಡುಹಿಡಿದೆ ಅನ್ನುವ ಉಬ್ಬು ಬೇರೆ. ಎರಡೇ ದಿನದಲ್ಲಿ ಟ್ರೇಸಿಂಗ್ ಮುಗಿಸಿ, ಸುಣ್ಣ ಗಿಣ್ಣ ಏನೂ ಹಾಕದೆ, ಪ್ರಿಂಟ್ ಸುರುಳಿ ಸುತ್ತಿಕೊಂಡು ಭದ್ರಾವತಿಗೆ ಓಡಿದೆ.

ಅವರು ಇನ್ನೂ ಎದುರುಮನೆಯಲ್ಲೇ ಉಳಿದಿದ್ದರು. ಆ ಜಗಲಿಯ ಮೇಲೆ ನಕ್ಷೆ ಹರಡಿ ಒಂದೊಂದೇ ತೋರಿಸಿದೆ. ಗೌರಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ನಕ್ಷೆ ಅರ್ಥವಾಗುತ್ತಿತ್ತು. ಬೆರಳಿಟ್ಟು ಕೇಳಿದರು:

"ಹೊಸ್ತಿಲು ಎಲ್ಲಿ?"

"ಹೊಸ್ತಿಲು ಇಲ್ಲ ಗೌರಮ್ಮನೋರೆ. ನೆಲ ಸಮ ಇರುತ್ತೆ. ವೀಲ್‌ಚೇರು ಸಲೀಸಾಗಿ ಹೋಗುತ್ತೆ."

"ಅಲ್ಲ ಮಾರಾಯ್ತಿ, ಹೊಸ್ತಿಲಿಲ್ಲದ್ದು ಮನೆನಾ? ಬೆಳಿಗ್ಗೆ ಎದ್ದು ನೀರು ಹಾಕಿ, ವಿಭೂತಿ ಎಳೆದು, ಅರಿಶಿನ ಕುಂಕುಮ ಹಚ್ಚೋದು ಎಲ್ಲಿಗೆ? ನಾನು ಈ ಮನೆಗೆ ಬಂದಾಗ ದಾಟಿ ಬಂದ ಹೊಸ್ತಿಲು ಅದು. ಗಾಳಿಗೂ ಏನೂ ಆಗ್ಲಿಲ್ಲ ಅದಕ್ಕೆ."

ತಿರುಗಿ ನೋಡಿದೆ. ಆ ಹೊನ್ನೆ ಮರದ ಹೊಸ್ತಿಲನ್ನು ಅವಶೇಷದಿಂದ ಎತ್ತಿಸಿ, ತೊಳೆದು, ಹಳೆ ಸೀರೆ ಸುತ್ತಿ ಜಗಲಿಯ ಮೂಲೆಗೆ ಒರಗಿಸಿದ್ದರು. ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಮಗ ಸಾಯುತ್ತಿದ್ದ, ಈ ಅಮ್ಮ ಮರದ ತುಂಡಿಗೆ ಸೀರೆ ಉಡಿಸಿ ಕೂರಿಸಿದ್ದಾರಲ್ಲ ಅನ್ನಿಸಿತು.

"ಗೌರಮ್ಮನೋರೆ, ಅವತ್ತು ನಿಮ್ಮ ಮಗನ್ನ ತಡೆದು ನಿಲ್ಸಿದ್ದು ಗಾಳಿಯಲ್ಲ, ಇದೇ ಹೊಸ್ತಿಲು!"

ಗೌರಮ್ಮ ಎಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾಗವೇಣಿ ತಲೆ ತಗ್ಗಿಸಿದಳು. ರುದ್ರೇಶ ಮೆಲ್ಲಗೆ ಹೇಳಿದ, "ಮೇಡಂ, ಆ ಮಾತನ್ನ ಅವ್ವ ದಿನಾ ತನಗೆ ತಾನೇ ಹೇಳ್ಕೊತಾಳೆ. ಬೇರೆಯವ್ರು ಹೇಳ್ಬಾರ್ದಿತ್ತು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಹೊಸದಾಗಿ ಕೆಲಸಕ್ಕೆ ಬರುವವರೇ, ಕೇಳಿ: ತೊಲೆ ತಪ್ಪಾದರೆ ಒಡೆದು ಮತ್ತೆ ಹಾಕಬಹುದು. ಆ ಮಾತನ್ನು ನನ್ನಿಂದ ಇವತ್ತಿಗೂ ವಾಪಸ್ ತೆಗೆದುಕೊಳ್ಳಲಾಗಿಲ್ಲ.

ಸಾಹೇಬರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂತ ಗೊತ್ತಿತ್ತು, ಬೈದರು. ಆದರೆ ನಾನು ಅಂದುಕೊಂಡಿದ್ದಕ್ಕಲ್ಲ.

"ಸುಣ್ಣ ಎಲ್ಲಿ ಹಾಕಿದೆ?"

"ಹಾಕಿಲ್ಲ ಸಾರ್."

"ಏಳು ವರ್ಷ ಆಯ್ತಲ್ಲೇ ಇಂದಿರಾ, ಮತ್ತೆ ನಿನ್ನ ಕಾಲಿಗೇ ಮನೆ ಬರ್ದಿದೀಯಲ್ಲ! ನೀನು ಯಾವತ್ತಾದ್ರೂ ಆ ಕುರ್ಚಿ ಮೇಲೆ ಕೂತಿದೀಯಾ? ಅದು ತಿರುಗೋಕೆ ಎಷ್ಟು ಜಾಗ ಬೇಕು ಗೊತ್ತಾ?"

ಗೊತ್ತಿರಲಿಲ್ಲ. ಸೊನ್ನೆ.

ಮುಂದಿನ ಭಾನುವಾರ ರುದ್ರೇಶನ ಮನೆ ಹಿಂದಿನ ಬಯಲಿಗೆ ಎರಡು ಚೀಲ ಸುಣ್ಣದ ಪುಡಿ ಇಳಿಸಿದೆ. ಜೊತೆಗೆ ನಮ್ಮ ಮುನಿಸ್ವಾಮಿ ಮೇಸ್ತ್ರಿ. ಭದ್ರಾವತಿಯವನೇ, ಮನೆಮಾತು ತಮಿಳು, ಕೆಲಸದಲ್ಲಿ ಚಿನ್ನ. ಹಗ್ಗ ಹಿಡಿದು ಪೂರ್ತಿ ಮನೆಯನ್ನು ನೆಲದ ಮೇಲೆ ಬಿಡಿಸಿದೆವು. ಗೋಡೆ ಇರುವಲ್ಲಿ ದಪ್ಪ ಗೆರೆ, ಬಾಗಿಲು ಇರುವಲ್ಲಿ ಖಾಲಿ. ಮುಂಬಾಗಿಲಿಗೆ ಮಾತ್ರ ಒಂದು ತೆಳು ಗೆರೆ ಎಳೆದೆ. ಹೊಸ್ತಿಲಿನ ಜಾಗ, ಏನು ಮಾಡುವುದೋ ಗೊತ್ತಿಲ್ಲ ಅನ್ನುವ ಗುರುತು.

"ಓಡ್ಸಿ ರುದ್ರೇಶಣ್ಣ" ಎಂದೆ.

ಅವನು ಓಡಿಸಿದ. ಅಯ್ಯೋ, ಆ ಬೆಳಿಗ್ಗೆ! ಚಕ್ರಗಳು ಸುಣ್ಣ ಮೆತ್ತಿಕೊಂಡು ಹೋದಲ್ಲೆಲ್ಲ ಎರಡು ಬಿಳಿ ಪಟ್ಟೆ ಬಿಡುತ್ತಾ ಹೋದವು. ಪಡಸಾಲೆಯಲ್ಲಿ ಸಲೀಸು. ನಡುಮನೆಯಿಂದ ಮಲಗುವ ಕೋಣೆಗೆ ತಿರುಗುವಾಗ ಎಡಚಕ್ರ ಗೋಡೆಯ ಗೆರೆ ದಾಟಿ ಒಂದಡಿ ಆಚೆ ಹೋಯಿತು. ಬಚ್ಚಲಲ್ಲಂತೂ ನಾನು ಬರೆದ ಗೋಡೆಗಳನ್ನೆಲ್ಲ ಅಳಿಸಿಬಿಟ್ಟ. ನೋಡುತ್ತಿದ್ದ ಜನರೆಲ್ಲ ಹೋ ಎಂದರು. "ಮೇಡಂ, ಮನೆ ಬಿದ್ದೋಯ್ತು!" ಎಂದು ಮುನಿಸ್ವಾಮಿ ಹೊಟ್ಟೆ ಹಿಡಿದು ನಕ್ಕ. ನನಗೆ ಅವಮಾನ ಆಗಬೇಕಿತ್ತು, ಬದಲಿಗೆ ಕುಣಿಯುವಷ್ಟು ಖುಷಿ! ಯಾಕೆಂದರೆ ಉತ್ತರ ನೆಲದ ಮೇಲೇ ಬಿದ್ದಿತ್ತು. ಟೇಪ್ ಹಿಡಿದು ಮೊಣಕಾಲೂರಿ ಚಕ್ರದ ಗುರುತುಗಳನ್ನೇ ಅಳೆದೆ. ಸುತ್ತು ತಿರುಗಲು ಐದಡಿ, ಬಾಗಿಲಿಗೆ ಮೂರು. ಬಚ್ಚಲ ಬಾಗಿಲು ಒಳಗೆ ತೆರೆದರೆ ಕುರ್ಚಿಗೆ ಬಡಿಯುತ್ತದೆ, ಆಚೆಗೆ ತೆರೆಯಬೇಕು. ಪೊರಕೆಯಲ್ಲಿ ಗೋಡೆ ಗುಡಿಸುವುದು, ಅಡಿ ಆಚೆಗೆ ಮತ್ತೆ ಗೆರೆ ಹಾಕುವುದು, "ಇನ್ನೊಂದ್ಸಲ ಓಡ್ಸಿ" ಎನ್ನುವುದು. ಬಿಸಿಲೇರುವ ಹೊತ್ತಿಗೆ ರುದ್ರೇಶ, ನಾನು, ಮೇಸ್ತ್ರಿ ಮೂವರೂ ತಲೆಯಿಂದ ಕಾಲ ತನಕ ಬೆಳ್ಳಗಾಗಿದ್ದೆವು.

ಗೌರಮ್ಮ ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು. ನನ್ನ ಹತ್ತಿರ ಮಾತು ಬಿಟ್ಟಿದ್ದರು. ಆದರೆ ಕಣ್ಣು ಮಗನ ಮೇಲೆಯೇ. ಅವನು ಆ ಮುಂಬಾಗಿಲ ತೆಳು ಗೆರೆಯ ಮೇಲೆ ಒಳಗೆ ಹೋಗಿ, ಆಚೆ ಬಂದು, ಮತ್ತೆ ಒಳಗೆ ಹೋಗುತ್ತಿದ್ದ. ಬೇರೆಯವರೆಲ್ಲ, ನಾನೂ ಸೇರಿ, ಆ ಗೆರೆ ಬಂದಾಗ ಗೊತ್ತಿಲ್ಲದೆಯೇ ಕಾಲೆತ್ತಿ ದಾಟುತ್ತಿದ್ದೆವು. ಅದನ್ನು ಗಮನಿಸಿದವರು ಗೌರಮ್ಮ ಒಬ್ಬರೇ.

ನಿಧಾನವಾಗಿ ಬಂದು ಗೆರೆಯ ಹತ್ತಿರ ನಿಂತರು. ನನ್ನ ಕಡೆ ನೋಡದೆ ಮೇಸ್ತ್ರಿಗೆ ಹೇಳಿದರು.

"ಹೊಸ್ತಿಲು ತೆಗೀಬೇಡಪ್ಪ. ಹೂತುಬಿಡು. ನೆಲದ ಸಮಕ್ಕೆ ಬರ್ಲಿ. ಮೇಲ್ಗಡೆ ಮುಖ ಕಂಡ್ರೆ ಸಾಕು, ನಾನು ಅಲ್ಲಿಗೇ ಕುಂಕುಮ ಹಚ್ತೀನಿ."

ನನಗೆ ತಡೆಯಲಾಗಲಿಲ್ಲ. "ಸಮ ಇದ್ರೆ ಎಲ್ಲರೂ ತುಳೀತಾರಲ್ಲ ಗೌರಮ್ಮನೋರೆ?"

ಆಗ ತಿರುಗಿದರು. "ಯಾರು ತುಳೀತಾರೆ? ನೋಡ್ದೆ ನಾನು, ಸುಣ್ಣದ ಗೆರೆನೂ ಯಾರೂ ತುಳೀಲಿಲ್ಲ. ಕಾಲಿರೋರು ಕಾಲೆತ್ತಿ ದಾಟ್ಲಿ. ನನ್ನ ಮಗನ ಕಾಲು ನೆಲಕ್ಕೆ ತಾಗೋದೇ ಇಲ್ವಲ್ಲ, ಅವನೆಲ್ಲಿ ತುಳೀತಾನೆ?"

ನಾನು ಅವರ ಕೈ ಹಿಡಿದುಕೊಂಡೆ, ಸುಣ್ಣದ ಕೈಯಲ್ಲೇ. "ತಪ್ಪಾಯ್ತು" ಎಂದೆ. "ಆಯ್ತು ಬಿಡೇ, ಕೈ ತೊಳ್ಕೊ ಮೊದ್ಲು" ಎಂದರು.

ಕೆಲಸ ಶುರುವಾಯಿತು. ಸಾಹೇಬರು ಒಂದು ಒಳ್ಳೆ ಪ್ರಶ್ನೆ ಎತ್ತಿದರು. "ಹೊಸ್ತಿಲು ಯಾಕೆ ಎತ್ತರ ಇಡ್ತಾರೆ ಗೊತ್ತೇನೇ? ಪೂಜೆಗೆ ಮಾತ್ರ ಅಲ್ಲ. ಮಳೆ ನೀರು ಒಳಗೆ ಬರ್ಬಾರ್ದು ಅಂತ. ನೀನು ಹೂತುಬಿಟ್ರೆ ಆಷಾಢದಲ್ಲಿ ಪಡಸಾಲೆಲಿ ಮೀನು ಹಿಡೀಬೇಕು." ಇದಕ್ಕೆ ದಾರಿ ತೋರಿಸಿದವನು ರುದ್ರೇಶ. ಬಾಗಿಲ ಮುಂದೆ ಅಡ್ಡಕ್ಕೆ ಒಂದು ಸಣ್ಣ ಚರಂಡಿ, ಅದರ ಮೇಲೆ ಕಬ್ಬಿಣದ ಜಾಲರಿ. ಜಾಲರಿಯ ಸರಳುಗಳು ಕುರ್ಚಿ ಹೋಗುವ ದಿಕ್ಕಿಗೇ ಇದ್ದರೆ ಸಣ್ಣ ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಡ್ಡ ಇದ್ದರೆ ಉರುಳಿ ಹೋಗುತ್ತದೆ. ಇದು ನನಗೆ ಹೊಳೆದಿರಲಿಲ್ಲ. ಅವನ ಹಳೆಯ ವರ್ಕ್‌ಶಾಪಿನವರು ಸರಳು, ಪೈಪು ತಂದು ಎದುರುಮನೆ ಜಗಲಿಗೆ ಹಾಕಿದರು. ಅವನು ಅಳತೆ ಗೀರಿ ಕೊಟ್ಟ, ಅವರು ವೆಲ್ಡ್ ಮಾಡಿದರು. ಬಚ್ಚಲಲ್ಲಿ ಹಿಡಿದು ಏಳಲು ಪೈಪುಗಳನ್ನೂ ಅವನೇ ಬಾಗಿಸಿ ಉಜ್ಜಿದ. ಆರು ವರ್ಷ ಖಾಲಿ ಕೂತಿದ್ದ ಕೈ! ಅವನು ಹೇಳುವುದಕ್ಕೂ ಅವರು ಮಾಡುವುದಕ್ಕೂ ಕೂದಲೆಳೆ ವ್ಯತ್ಯಾಸವಾದರೆ "ಏನ್ರೋ ಇದು, ಕೆಲಸ ಕಲಿಸಿದ್ದು ಯಾರ‍್ರೋ ನಿಮ್ಗೆ?" ಎಂದು ಗದರುತ್ತಿದ್ದ. ಅವರಲ್ಲಿ ಅರ್ಧ ಜನಕ್ಕೆ ಕಲಿಸಿದ್ದು ಅವನೇ.

ಇನ್ನು ನನ್ನ ದೊಡ್ಡ ತಪ್ಪು. ನಕ್ಷೆಯಲ್ಲಿ ಜಗಲಿಗೆ ಹತ್ತುವ ಜಾಗದಲ್ಲಿ "ರ‍್ಯಾಂಪ್" ಎಂದು ಬರೆದು ಬಾಣದ ಗುರುತು ಹಾಕಿದ್ದೆ. ಅಷ್ಟೇ. ಶಿವಮೊಗ್ಗದಲ್ಲಿ ಬೇರೆ ಮನೆಯ ತಾರಸಿ ಕೆಲಸ ಬಂದು ಮೂರು ದಿನ ಭದ್ರಾವತಿಗೆ ಹೋಗಲಾಗಲಿಲ್ಲ. ನಾಲ್ಕನೇ ದಿನ ಹೋದರೆ, ಮುನಿಸ್ವಾಮಿ ಎದೆಯುಬ್ಬಿಸಿ ನಿಂತಿದ್ದಾನೆ. "ಮೇಡಂ, ರ‍್ಯಾಂಪ್ ರೆಡಿ! ಫಸ್ಟ್ ಕ್ಲಾಸ್!"

ಫಸ್ಟ್ ಕ್ಲಾಸೇ, ಸುಳ್ಳಲ್ಲ. ನಮ್ಮೂರಲ್ಲಿ ಸ್ಕೂಟರ್ ಇರುವ ಎಲ್ಲ ಮನೆ ಮುಂದೆ ಇರುತ್ತದಲ್ಲ, ಸ್ಕೂಟರನ್ನು ಜಗಲಿಗೆ ಏರಿಸಲು ನಾಲ್ಕಡಿಯ ಇಳಿಜಾರು, ಮೇಲೆ ಜಾರದಂತೆ ಅಡ್ಡ ಗೀರು, ಅಂಥದ್ದು. ಅವನು ಆಯುಸ್ಸಲ್ಲಿ ಕಟ್ಟಿದ ರ‍್ಯಾಂಪೆಲ್ಲ ಅದೇ. ರ‍್ಯಾಂಪ್ ಅಂದರೆ ಮತ್ತೇನಿರುತ್ತದೆ?

"ಟ್ರೈ ಮಾಡ್ತೀನಿ" ಎಂದು ರುದ್ರೇಶ ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಹೊರಟೇಬಿಟ್ಟ. ತೋಳಿನಲ್ಲಿ ಕಸುವಿತ್ತು, ಅರ್ಧ ಏರಿದ. ಅಲ್ಲಿ ಕುರ್ಚಿಯ ಮುಂದಿನ ಚಕ್ರ ಮೇಲೆದ್ದಿತು. ಗೌರಮ್ಮ "ರುದ್ರಾ!" ಎಂದು ಚೀರಿದರು. ಹಿಂದಕ್ಕೆ ಮಗುಚುತ್ತಿದ್ದ ಕುರ್ಚಿಯನ್ನು ಮುನಿಸ್ವಾಮಿ ಎದೆ ಕೊಟ್ಟು ಹಿಡಿದ. ಇಬ್ಬರೂ ಮರಳ ರಾಶಿಗೆ ಬಿದ್ದರು. ಪುಣ್ಯಕ್ಕೆ ಮೇಸ್ತ್ರಿಯ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ನಾನು ಮೇಸ್ತ್ರಿಯ ಮೇಲೆ ಹಾರಾಡಲು ಬಾಯಿ ತೆರೆದೆ. ಅವನು ಜೇಬಿನಿಂದ ನನ್ನ ನಕ್ಷೆಯನ್ನೇ ತೆಗೆದು ಬಿಚ್ಚಿದ. "ಇದ್ರಲ್ಲಿ ಎಷ್ಟು ಉದ್ದ ಅಂತ ಬರ್ದಿದೀರ ಮೇಡಂ? ತೋರ್ಸಿ, ನಾನು ಈ ಕೆಲಸನೇ ಬಿಟ್ಬಿಡ್ತೀನಿ." ಬರೆದಿದ್ದರೆ ತಾನೇ ತೋರಿಸುವುದು?

ರುದ್ರೇಶ ಮರಳಲ್ಲಿ ಬಿದ್ದವನು ಗಹಗಹಿಸಿ ನಗುತ್ತಿದ್ದ. "ಮೇಡಂ, ಒಂದು ಸ್ಕೂಟರ್ ಕೊಡ್ಸಿ, ಈ ರ‍್ಯಾಂಪು ಹಾಳಾಗ್ಬಾರ್ದು." ಆದರೆ ಗೌರಮ್ಮ ನಗಲಿಲ್ಲ. "ನೀನು ಆಚೆ ಹೋಗೋದೇ ಬೇಡ, ಮನೆಲೇ ಇರಪ್ಪ" ಎಂದರು, ಅದೇ ಆಸ್ಪತ್ರೆಯ ದನಿಯಲ್ಲಿ. ರುದ್ರೇಶನ ನಗು ನಿಂತುಹೋಯಿತು. ನನಗೆ ಅವತ್ತು ಭಯವಾದದ್ದು ಅದಕ್ಕೆ. ಮನೆ ಎದ್ದು ನಿಂತರೂ ಇವನನ್ನು ಇವರು ಇನ್ನು ಆಚೆ ಬಿಡುವುದಿಲ್ಲ ಅನ್ನಿಸಿತು.

ಸಾಹೇಬರು ಅವತ್ತು ಮಾತ್ರ ಬೈಯಲಿಲ್ಲ. ಬೀರು ತೆಗೆದು, ಧೂಳು ಕೊಡವಿ, ಹಿಂದೆಂದೋ ಒಂದು ಆಸ್ಪತ್ರೆಗೆ ಮಾಡಿದ್ದ ನಕ್ಷೆ ಹರಡಿದರು. ಸ್ಟ್ರೆಚರ್ ತಳ್ಳುವ ಇಳಿಜಾರು. "ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಇದನ್ನ ತಲೆಲಿ ಬರ್ಕೊ" ಎಂದರು. ಜಗಲಿ ಒಂದೂವರೆ ಅಡಿ ಎತ್ತರ. ಅಂದರೆ ಹದಿನೆಂಟಡಿ! ಗೇಟಿನಿಂದ ಜಗಲಿಗೆ ಅಷ್ಟು ಜಾಗ ಎಲ್ಲಿದೆ? ಮತ್ತೆ ಸುಣ್ಣ ಹಾಕಿದೆವು, ಮತ್ತೆ ಓಡಿಸಿ ನೋಡಿದೆವು. ಕೊನೆಗೆ ರ‍್ಯಾಂಪ್ ಮನೆಯ ಪಕ್ಕದ ಗೋಡೆಯ ಉದ್ದಕ್ಕೆ ಏರಿ, ಮೂಲೆಯಲ್ಲಿ ಒಂದು ಸಮತಟ್ಟು ಜಾಗದಲ್ಲಿ ತಿರುಗಿ, ಜಗಲಿಗೆ ಸೇರಿತು. ಸ್ಕೂಟರ್ ರ‍್ಯಾಂಪನ್ನು ಮುನಿಸ್ವಾಮಿಯೇ ಸುತ್ತಿಗೆ ಹಿಡಿದು ಒಡೆದ. ಒಡೆಯುವಾಗ ತಮಿಳಲ್ಲಿ ಏನೇನೋ ಗೊಣಗುತ್ತಿದ್ದ. ನನಗೇ ಇರಬೇಕು.

ಈಗಿನ ನಿಮಗೆ ಇದೆಲ್ಲ ನಗು ಬರಬಹುದು. ಕಂಪ್ಯೂಟರಿನಲ್ಲಿ ವೀಲ್‌ಚೇರಿನ ಚಿತ್ರ ರೆಡಿ ಇರುತ್ತದೆ, ಎಳೆದು ಬಿಟ್ಟರೆ ಸುತ್ತಲೂ ಐದಡಿಯ ವೃತ್ತ ಬರುತ್ತದೆ. ನಾನೂ ಕಡೇ ವರ್ಷಗಳಲ್ಲಿ ಅದನ್ನೇ ಮಾಡಿದೆ, ಅಮೋನಿಯಾದಿಂದ ಬಿಡುಗಡೆಯಾಯಿತಲ್ಲ ಎಂದು ಕುಣಿದೆ. ಆದರೆ ಆ ವೃತ್ತಕ್ಕೆ ಸುಸ್ತಾಗುವುದಿಲ್ಲ, ಅದಕ್ಕೆ ತಾಯಿ ಇರುವುದಿಲ್ಲ. ಒಂದು ಸಲ ನೆಲದ ಮೇಲೆ ಎಳೆದು, ಇರುವವರನ್ನು ಕರೆದು ಓಡಾಡಿಸಿ. ಒಂದು ಚೀಲ ಸುಣ್ಣ ಸಾಕು.

ಗೃಹಪ್ರವೇಶಕ್ಕೆ ನಾನು ಶಿವಮೊಗ್ಗದಿಂದ ಸಾಹೇಬರನ್ನೂ ಕರೆದುಕೊಂಡು ಹೋದೆ. ಮುಂಗಾರು ಒಂದೆರಡು ದಿನ ಬಿಡುವು ಕೊಟ್ಟಿತ್ತು. ಬಾಗಿಲಿಗೆ ಮಾವಿನ ತೋರಣ, ಆ ಕೊಂಬೆ ಬಿದ್ದ ಮರದ್ದೇ ಎಲೆ. ನೆಲದ ಸಮಕ್ಕೆ ಹೊನ್ನೆ ಹೊಸ್ತಿಲು, ಅದಕ್ಕೆ ಮೂರು ಎಳೆ ವಿಭೂತಿ, ಅರಿಶಿನ ಕುಂಕುಮ. ಗೌರಮ್ಮ ವೀಲ್‌ಚೇರಿನ ಎರಡು ಚಕ್ರಕ್ಕೂ ಕುಂಕುಮ ಹಚ್ಚಿದರು. ರುದ್ರೇಶ ಮೊದಲು ಒಳಗೆ ಹೋದ, ಟಕ್ ಎಂಬ ಸದ್ದೂ ಇಲ್ಲದೆ. ಹಿಂದೆ ನಾಗವೇಣಿ, ಪೂಜೆ ಮಾಡಿಸಲು ಬಂದ ಅಯ್ಯನವರು, ನಾವೆಲ್ಲ. ಅಯ್ಯನವರು ಕಾಲೆತ್ತಿ ದಾಟಿದರು. ನಮ್ಮ ಸಾಹೇಬರು ಪ್ಯಾಂಟನ್ನು ಮೊಣಕಾಲ ಹತ್ತಿರ ಹಿಡಿದು ಇಷ್ಟೆತ್ತರ ಕಾಲೆತ್ತಿ ದಾಟಿದರು. ಅಲ್ಲಿ ಏನೂ ಇರಲಿಲ್ಲ! ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೆ. ಗೌರಮ್ಮ ನನ್ನ ಕಡೆ ನೋಡಿ "ನಾನು ಹೇಳ್ಲಿಲ್ವ?" ಅನ್ನುವ ಹಾಗೆ ಹುಬ್ಬು ಹಾರಿಸಿದರು.

ಪೂಜೆ ಮುಗಿಯಿತು. ಹೋಳಿಗೆಯ ಪರಿಮಳ ಬೀದಿಗೆಲ್ಲ ಹರಡಿತ್ತು. ಎಲೆ ಹಾಕುವ ಗಡಿಬಿಡಿಯಲ್ಲಿ ಎಲ್ಲರೂ ಇದ್ದಾಗ, ನಡುಮನೆಯ ಮಂಚದ ಪಕ್ಕದಲ್ಲಿದ್ದ ರುದ್ರೇಶ ಕುರ್ಚಿ ತಿರುಗಿಸಿದ. "ಅವ್ವ, ಗಾಳಿ ಬಂತು ಅಂದ್ಕೊ" ಎಂದ. ಹೊರಟ.

ಗೌರಮ್ಮ ಬಡಿಸುತ್ತಿದ್ದ ಪಾತ್ರೆ ಇಟ್ಟು ಅವನ ಹಿಂದೆಯೇ ನಡೆದರು, ಎರಡೂ ಕೈ ಮುಂದೆ ಚಾಚಿಕೊಂಡು, ತಳ್ಳಲು ತಯಾರಾಗಿ. ನಡುಮನೆ ದಾಟಿತು, ಪಡಸಾಲೆ ದಾಟಿತು. ಹೊಸ್ತಿಲು ಬಂತು. ಅವರು ಅಲ್ಲೇ ನಿಂತರು. ಚಾಚಿದ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡರು. ಅವನು ಜಾಲರಿ ದಾಟಿ, ಜಗಲಿಯಲ್ಲಿ ತಿರುಗಿ, ರ‍್ಯಾಂಪ್ ಇಳಿದು ಗೇಟಿಗೆ ಬಂದ. ಮುನಿಸ್ವಾಮಿ ಶಿಳ್ಳೆ ಹಾಕಿದ. ಇನ್ನೇನು ವಾಪಸ್ ಬರುತ್ತಾನೆ ಅಂದುಕೊಂಡರೆ, ಗೇಟು ದಾಟಿ ಬೀದಿಗೆ ಇಳಿದು, ನಮಗೆಲ್ಲ ಬೆನ್ನು ಹಾಕಿ ಹೋಗಿ, ತಿರುವಿನಲ್ಲಿ ಕಾಣದಾದ!

"ಎಲ್ಲಿ ಹೋದ್ರು?" ಎಂದು ನಾಗವೇಣಿ ಓಡಲು ಹೊರಟಳು. ಗೌರಮ್ಮ ಅವಳ ಕೈ ಹಿಡಿದರು. "ಇರು" ಎಂದರು. ಐದು ನಿಮಿಷ. ಹತ್ತು. ಎಲೆ ಮುಂದೆ ಕೂತವರು ಊಟಕ್ಕೆ ಕೈ ಹಾಕಲಿಲ್ಲ. ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಗೌರಮ್ಮ ಹೊಸ್ತಿಲ ಒಳಗಿನಿಂದ ಕದಲಲಿಲ್ಲ, ಯಾರನ್ನೂ ಕದಲಲು ಬಿಡಲೂ ಇಲ್ಲ.

ಇಪ್ಪತ್ತು ನಿಮಿಷ ಆಗಿರಬೇಕು. ತಿರುವಿನಲ್ಲಿ ಚಕ್ರ ಕಂಡಿತು. ಬೆವರು ಸುರಿಸುತ್ತಾ, ಒಂದೇ ಸಮ ತಳ್ಳುತ್ತಾ ಬಂದ. ಹದಿನೆಂಟಡಿ ಏರಿದ. ಮಧ್ಯದಲ್ಲಿ ಒಂದು ಸಲ ನಿಂತು ಸುಧಾರಿಸಿಕೊಂಡ, ಯಾರನ್ನೂ ಕರೆಯಲಿಲ್ಲ. ಹೊಸ್ತಿಲ ಮುಂದೆ ಬಂದು ನಿಂತ. ಮಡಿಲಲ್ಲಿ ಒಂದು ಕಟ್ಟು ವೀಳ್ಯದೆಲೆ.

"ತಗೊ ಅವ್ವ. ಮೂಲೆ ಅಂಗಡಿಲಿ ಚಿಗುರೆಲೆ ಬಂದಿತ್ತು."

ಗೌರಮ್ಮ ಎಲೆ ತೆಗೆದುಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಎಲ್ಲಿಗೋ ಹೋಗಿದ್ದೆ ಇಷ್ಟು ಹೊತ್ತು? ಮನೆ ತುಂಬ ನೆಂಟರು ಎಲೆ ಮುಂದೆ ಕೂತಿದಾರೆ, ಹೇಳಿ ಹೋಗೋಕೆ ಬಾಯಿ ಇರ್ಲಿಲ್ವೇನೋ? ಊರು ಸುತ್ತೋ ಚಾಳಿ ನಿಂಗೆ ಯಾವತ್ತು ಬಿಡುತ್ತೋ?"

ಬೀದಿಗೆಲ್ಲ ಕೇಳಿತು. ಎದುರುಮನೆಯವರು ಕಿಟಕಿಗೆ ಬಂದರು. ರುದ್ರೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಗೊತ್ತಾಗಲಿಲ್ಲ.

"ಇನ್ನೊಂದ್ಸಲ ಬೈಯಿ ಅವ್ವ" ಎಂದ.

ಗೌರಮ್ಮ ಬೈದರು. ಬೈಯುತ್ತಲೇ ಅವನ ಮಡಿಲಿನ ಎಲೆ ಕಟ್ಟು ಎತ್ತಿಕೊಂಡರು.